ಸರ್ವರಿಗೂ ಗೇಣಿಯೇ?

2025ರ ಜುಲೈ ತಿಂಗಳಲ್ಲಿ, ಗುಜರಾತಿನ ವಾಡಿನಾರಿನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿ ಕಂಪನಿಯ ಕಚೇರಿಗಳಲ್ಲಿ ಇದ್ದಕ್ಕಿದ್ದಂತೆ ಈ-ಮೆಯಿಲು ನಿಂತುಹೋಯಿತು. ಬಾಕಿ ಉಳಿಸಿಕೊಂಡಿದ್ದರೆಂದಲ್ಲ, ಕರಾರು ಮುಗಿದಿತ್ತೆಂದೂ ಅಲ್ಲ. ಯುರೋಪಿಯನ್ ಒಕ್ಕೂಟವು ತನ್ನ ನಿರ್ಬಂಧದ ಪಟ್ಟಿಗೆ ಆ ಕಂಪನಿಯ ಹೆಸರನ್ನು ಸೇರಿಸಿತು. ಅಮೆರಿಕದ ಮೈಕ್ರೋಸಾಫ್ಟ್ ಸೇವೆಯನ್ನು ತಡೆಹಿಡಿಯಿತು. ನಯಾರಾದವರು ದೆಹಲಿ ಹೈಕೋರ್ಟಿಗೆ ಹೋದರು. ಕೆಲವು ದಿನಗಳಲ್ಲಿ ಸೇವೆ ಮರಳಿ ಬಂದಿತು. ರಷ್ಯದ ರೋಸ್‌ನೆಫ್ಟ್ ಪಾಲು ಹೊಂದಿರುವ ಆ ದೊಡ್ಡ ಕಂಪನಿಗಾಗಿ ಕಣ್ಣೀರು ಸುರಿಸುವ ಅಗತ್ಯ ನಮಗಿಲ್ಲ. ಆದರೆ ಹೈಕೋರ್ಟಿನ ಮೆಟ್ಟಿಲೇರಬಲ್ಲವರ ಗತಿಯೇ ಹೀಗಾದರೆ ನಮ್ಮ ಊರಿನ ಅಡಿಕೆ ಮಂಡಿಯವರು, ಔಷಧಿ ಅಂಗಡಿಯವರು, ಹಾಲಿನ ಸೊಸೈಟಿಯ ಕಾರ್ಯದರ್ಶಿಗಳು ಯಾವ ಮೆಟ್ಟಿಲನ್ನು ಏರಬೇಕು?

ಈ ಪ್ರಶ್ನೆಯನ್ನು ಕೇಳುವುದಕ್ಕೆ ನಮಗೆ ಸ್ವಂತ ಕಾರಣವೂ ಇದೆ. ಈ ಪತ್ರಿಕೆ ಅಚ್ಚಾಗುವ ಮುದ್ರಣಾಲಯದಲ್ಲಿ ಐದು ಕಂಪ್ಯೂಟರುಗಳಿವೆ. ಮೂಲೆಯಲ್ಲಿ ಅವೆಲ್ಲಕ್ಕೂ ಹಿರಿಯಣ್ಣನಂತೆ ಒಂದು ಸರ್ವರು ಇದೆ. ಪುಟಗಳ ಕಡತಗಳು, ಲಗ್ನಪತ್ರಿಕೆಗಳ ಮಾದರಿಗಳು, ಚಂದಾದಾರರ ಪಟ್ಟಿ, ಲೆಕ್ಕಪತ್ರ ಎಲ್ಲವೂ ಅದರ ಹೊಟ್ಟೆಯಲ್ಲಿ. ಅದರಲ್ಲಿ ನಡೆಯುತ್ತಿದ್ದುದು ವಿಂಡೋಸ್ ಸರ್ವರ್ 2012 ಆರ್2. ಕಂಪನಿಯು 2023ರ ಅಕ್ಟೋಬರ್ 10ಕ್ಕೆ ಅದರ ಬೆಂಬಲವನ್ನು ನಿಲ್ಲಿಸಿತು. ಅಂದರೆ ಅಲ್ಲಿಂದಾಚೆಗೆ ಯಾರಾದರೂ ಅದರಲ್ಲಿ ತೂತು ಕಂಡುಹಿಡಿದರೆ ಮುಚ್ಚಿಸಿಕೊಳ್ಳಲು ಬೇರೆಯಾಗಿ ಹಣ ಕೊಡಬೇಕು, ಇಲ್ಲವೇ ಹೊಸದನ್ನು ಕೊಳ್ಳಬೇಕು.

ಸರ್ವರನ್ನು ಮಾರಿದ ಅಂಗಡಿಯವರನ್ನು ವಿಚಾರಿಸಿದೆವು. ಅವರು ಬರೆದುಕೊಟ್ಟ ಅಂದಾಜುಪಟ್ಟಿಯನ್ನು ಓದಿದಾಗ ನಮ್ಮ ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ತಂತ್ರಾಂಶದ ಬೆಲೆ ಒಂದು. ಅದಲ್ಲದೆ ಆ ಸರ್ವರನ್ನು ಮುಟ್ಟುವ ಪ್ರತಿಯೊಬ್ಬ ಬಳಕೆದಾರನಿಗೆ ಅಥವಾ ಪ್ರತಿಯೊಂದು ಯಂತ್ರಕ್ಕೆ ಪ್ರತ್ಯೇಕ ಪ್ರವೇಶ ಲೈಸೆನ್ಸು. ಹಿಂದೆ ಕೊಂಡಿದ್ದ ಪ್ರವೇಶ ಲೈಸೆನ್ಸುಗಳು ಹೊಸ ಆವೃತ್ತಿಗೆ ನಡೆಯುವುದಿಲ್ಲ, ಮತ್ತೆ ಕೊಳ್ಳಬೇಕು. ಚೆನ್ನಾಗಿಯೇ ಓಡುತ್ತಿದ್ದ ಪೆಟ್ಟಿಗೆಯನ್ನೂ ಬದಲಾಯಿಸುವುದು ಒಳ್ಳೆಯದೆಂದು ಕೊನೆಯ ಸಾಲು. ಒಟ್ಟು ಮೊತ್ತ ನಮ್ಮ ಪುಟ ಜೋಡಿಸುವ ಕೆಲಸಗಾರರೊಬ್ಬರ ಆರು ತಿಂಗಳ ಸಂಬಳವನ್ನು ಮೀರಿತ್ತು.

ಮಲೆನಾಡಿನವರಿಗೆ ಈ ವ್ಯವಹಾರದ ಹೆಸರನ್ನು ಹೇಳಿಕೊಡಬೇಕಾಗಿಲ್ಲ. ಇದು ಗೇಣಿ. ಉಳುವವನು ನೀನು, ಬಿತ್ತುವವನು ನೀನು, ನೆಲ ಮಾತ್ರ ನನ್ನದು ಎಂಬ ಮಾತು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದುನಿಂತದ್ದು ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕೆಂಬ ಪ್ರಶ್ನೆಯ ಮೇಲೆ. ಭತ್ತ ನಮ್ಮದಾದರೂ ಕೊಳಗ ಒಡೆಯನ ಕೈಯಲ್ಲಿತ್ತು. ಇಲ್ಲಿಯೂ ಕಡತ ನಮ್ಮದು. ಅದನ್ನು ತೆರೆಯುವ ಹಂಚುವ ವಿದ್ಯೆ ಮಾತ್ರ ಮುಚ್ಚಿದ ಪೆಟ್ಟಿಗೆಯೊಳಗೆ.

ಆ ಪೆಟ್ಟಿಗೆಯನ್ನು ತೆರೆದ ಕಥೆ ವಾಚಕರಿಗೆ ತಿಳಿದಿರಬೇಕಾದುದು. 1991–92ರ ಸುಮಾರಿಗೆ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ ಎಂಬಾತ, ಬೇರೆಬೇರೆ ಜಾತಿಯ ಕಂಪ್ಯೂಟರುಗಳು ಕಡತ ಹಂಚಿಕೊಳ್ಳುವಂತೆ ಮಾಡಲು ಹೊರಟ. ಕಂಪನಿಗಳ ಸಂಕೇತಭಾಷೆ ಆತನಿಗೆ ತಿಳಿಯದು. ತಂತಿಯಲ್ಲಿ ಹರಿಯುವ ಮಾತುಕತೆಯನ್ನು ಆಲಿಸುತ್ತ ಕುಳಿತ. ಫ್ರೆಂಚ್ ಬಾರದವನು ಫ್ರೆಂಚರ ಹೋಟಲಿನಲ್ಲಿ ಕುಳಿತು, ಗಿರಾಕಿ ಏನೆಂದರೆ ಮಾಣಿ ಏನು ತರುತ್ತಾನೆಂದು ನೋಡಿ ಭಾಷೆ ಕಲಿಯುವ ಹಾಗೆ ಎಂದು ಆತನೇ ಅದನ್ನು ವಿವರಿಸಿದ್ದುಂಟು. ಹಾಗೆ ಹುಟ್ಟಿದ್ದು ಸಾಂಬಾ ಎಂಬ ತಂತ್ರಾಂಶ. ಲಿನಕ್ಸ್ ನಡೆಯುವ ಯಂತ್ರದಲ್ಲಿ ಅದನ್ನು ಹಾಕಿದರೆ ವಿಂಡೋಸ್ ಕಂಪ್ಯೂಟರುಗಳು ಅದನ್ನು ತಮ್ಮದೇ ಜಾತಿಯ ಸರ್ವರೆಂದು ತಿಳಿದು ವ್ಯವಹರಿಸುತ್ತವೆ.

ಆದರೆ ಕದ್ದು ಕೇಳಿ ಕಲಿತದ್ದು ಎಷ್ಟು ದಿನ ಸಾಕಾದೀತು? 2004ರ ಮಾರ್ಚಿನಲ್ಲಿ ಯುರೋಪಿಯನ್ ಆಯೋಗವು ಮೈಕ್ರೋಸಾಫ್ಟಿಗೆ 49 ಕೋಟಿ 70 ಲಕ್ಷ ಯೂರೋಗಳಿಗೂ ಮಿಕ್ಕ ದಂಡ ಹಾಕಿ, ಸರ್ವರುಗಳ ಸಂಕೇತಭಾಷೆಯ ವಿವರವನ್ನು ಪ್ರತಿಸ್ಪರ್ಧಿಗಳಿಗೆ ತೆರೆದಿಡಬೇಕೆಂದು ಆಜ್ಞೆ ಮಾಡಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2007ರ ಸೆಪ್ಟೆಂಬರಿನಲ್ಲಿ ಸೋತಿತು. ಅದೇ ಡಿಸೆಂಬರಿನಲ್ಲಿ ಸಾಂಬಾದವರು ಹತ್ತು ಸಾವಿರ ಯೂರೋ ಕೊಟ್ಟು ಆ ದಸ್ತಾವೇಜುಗಳನ್ನು ಪಡೆದರು. 2012ರಲ್ಲಿ ಬಂದ ಸಾಂಬಾ 4, ಇಡೀ ಕಚೇರಿಯ ಬಳಕೆದಾರರ ಹೆಸರು ಗುರುತುಗಳನ್ನೂ ನೋಡಿಕೊಳ್ಳುವಷ್ಟು ಸಮರ್ಥವಾಗಿತ್ತು. ಏಕಸ್ವಾಮ್ಯವು ಸಂತೆಯ ಮೋಡಿಯಿಂದ ತಾನಾಗಿಯೇ ಕರಗುತ್ತದೆಂದು ಉಪದೇಶಿಸುವ ಅರ್ಥಶಾಸ್ತ್ರಜ್ಞರು ಈ ತಾರೀಖುಗಳನ್ನು ಬರೆದಿಟ್ಟುಕೊಳ್ಳುವುದು ಒಳಿತು. ಪೆಟ್ಟಿಗೆ ತೆರೆದದ್ದು ಒಬ್ಬ ವಿದ್ಯಾರ್ಥಿಯ ಹಟದಿಂದ, ಆಮೇಲೆ ಕಾನೂನಿನ ದೊಣ್ಣೆಯಿಂದ.

ನಮ್ಮ ಕೆಲಸ ಅಷ್ಟು ದೊಡ್ಡದೇನಲ್ಲ. ಊರಿನ ಪಾಲಿಟೆಕ್ನಿಕ್ಕಿನಲ್ಲಿ ಓದಿದ ಯುವಕನೊಬ್ಬ ಹಳೆಯ ಪೆಟ್ಟಿಗೆಗೇ ಎರಡು ಹೊಸ ಡಿಸ್ಕುಗಳನ್ನು ಜೋಡಿಸಿ, ಸಂಚಿಕೆ ಅಂಚೆಗೆ ಹೋದ ಮರುದಿನ ಡೆಬಿಯನ್ ಲಿನಕ್ಸನ್ನೂ ಸಾಂಬಾವನ್ನೂ ಹಾಕಿದ. ಮೊದಲ ವಾರ ಸುಖವಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಒಬ್ಬರು ತೆರೆದ ಪುಟ ಇನ್ನೊಬ್ಬರಿಗೆ ತೆರೆಯಲಿಲ್ಲ. ಪ್ರೂಫ್ ತಿದ್ದುವವರ ಹೆಸರಿಗೆ ಬರೆಯುವ ಹಕ್ಕನ್ನೇ ಕೊಟ್ಟಿರಲಿಲ್ಲ. ಆ ಸಂಚಿಕೆ ಅರ್ಧ ದಿನ ತಡವಾದುದನ್ನು ವಾಚಕರು ಗಮನಿಸಿರಬಹುದು, ಕ್ಷಮಿಸಿಯೂ ಇರಬಹುದು. ಎರಡನೆಯ ವಾರದಿಂದ ಸರ್ವರು ಬದಲಾಗಿದೆಯೆಂಬುದೇ ಯಾರಿಗೂ ನೆನಪಿರಲಿಲ್ಲ.

ಎಲ್ಲ ಗೇಣಿಯೂ ತೀರಿತೆಂದು ನಾವು ಕೊಚ್ಚಿಕೊಳ್ಳುವುದಿಲ್ಲ. ಟ್ಯಾಲಿ ಲೆಕ್ಕಕ್ಕಾಗಿ ವಿಂಡೋಸಿನ ಒಂದು ಕಂಪ್ಯೂಟರು ಹಾಗೆಯೇ ಉಳಿದಿದೆ. ಹಳೆಯ ನುಡಿ ಅಕ್ಷರಗಳಲ್ಲಿ ಜೋಡಿಸಿದ ಇಪ್ಪತ್ತು ವರ್ಷಗಳ ಪುಟಗಳು ಯೂನಿಕೋಡಿಗೆ ಬಂದಿಲ್ಲ. ಅವುಗಳಲ್ಲಿ ಒಂದು ಕನ್ನಡ ಪದವನ್ನು ಹುಡುಕಹೊರಟರೆ ಅಕ್ಷರಗಳ ಬದಲು ಇಂಗ್ಲಿಷಿನ ಚೂರುಪಾರುಗಳು ಸಿಗುತ್ತವೆ. ಸರ್ವರು ಬದಲಾದರೂ ನಮ್ಮದೇ ಮಾತು ನಮ್ಮದೇ ಮನೆಯಲ್ಲಿ ಇನ್ನೂ ಸೆರೆಯಲ್ಲಿದೆ. ಆ ಕೆಲಸಕ್ಕೆ ತಿಂಗಳುಗಳೇ ಬೇಕು.

ಮುಕ್ತ ಎಂಬ ಹೆಸರಿದ್ದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬುವುದೂ ಬೇಡ. ಸೆಂಟ್‌ಓಎಸ್ ಎಂಬ ಲಿನಕ್ಸನ್ನು ಜಗತ್ತಿನ ಅಸಂಖ್ಯ ಸಣ್ಣ ಸಂಸ್ಥೆಗಳು ನೆಚ್ಚಿಕೊಂಡಿದ್ದವು. ಅದನ್ನು ಪೋಷಿಸುತ್ತಿದ್ದ ರೆಡ್ ಹ್ಯಾಟ್ ಕಂಪನಿಯನ್ನು 2019ರಲ್ಲಿ ಐಬಿಎಂ ಕೊಂಡಿತು. 2029ರವರೆಗೆ ನಡೆಯಬೇಕಾಗಿದ್ದ ಎಂಟನೆಯ ಆವೃತ್ತಿಯನ್ನು 2021ರ ಕೊನೆಗೇ ನಿಲ್ಲಿಸುವುದಾಗಿ 2020ರ ಡಿಸೆಂಬರಿನಲ್ಲಿ ಸಾರಲಾಯಿತು. ಮೂಲ ತೆರೆದಿದ್ದುದರಿಂದ ಬೇರೆಯವರು ಅದರಿಂದಲೇ ರಾಕಿ, ಆಲ್ಮಾ ಎಂಬ ಹೊಸ ಸಸಿಗಳನ್ನು ಎಬ್ಬಿಸಿದರು ನಿಜ. ಆದರೆ ನಂಬಿದವರಿಗೆ ಒಂದು ವರ್ಷ ನಿದ್ದೆಯಿರಲಿಲ್ಲ. ಒಂದು ಕಂಪನಿಯ ಕೃಪೆಯಲ್ಲಿರದೆ ಸ್ವಯಂಸೇವಕರ ಮತದಿಂದ ನಡೆಯುವ ಡೆಬಿಯನ್ನನ್ನು ನಾವು ಆರಿಸಿಕೊಂಡುದಕ್ಕೆ ಇದೇ ಕಾರಣ.

ನಮ್ಮ ಮಿತ್ರರಲ್ಲಿ ಕೆಲವರು ಇದನ್ನೆಲ್ಲ 'ಪುಕ್ಕಟೆ' ಎಂದು ಹೊಗಳುತ್ತಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ. 2024ರ ಮಾರ್ಚಿನಲ್ಲಿ ಎಕ್ಸ್‌ಝೆಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ಯಾರೋ ಗುಟ್ಟಾಗಿ ಹಿಂಬಾಗಿಲು ಇಟ್ಟಿದ್ದು ಬಯಲಾಯಿತು. ಅದನ್ನು ವರ್ಷಗಳಿಂದ ಸಂಬಳವಿಲ್ಲದೆ ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು; ದಣಿದ ಅವರಿಗೆ ನೆರವಾಗುವ ನೆಪದಲ್ಲಿ ಕಳ್ಳ ಒಳಹೊಕ್ಕಿದ್ದ. ಲಾಗಿನ್ನಿಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಸಂಶಯಪಟ್ಟು ಅದನ್ನು ಹಿಡಿದ ಆಂಡ್ರೆಸ್ ಫ್ರಾಯ್ಂಡ್ ಮೈಕ್ರೋಸಾಫ್ಟಿನ ನೌಕರರೆಂಬುದನ್ನೂ ಪ್ರಾಮಾಣಿಕತೆಯಿಂದ ಹೇಳಬೇಕು. ಬಿಟ್ಟಿ ಚಾಕರಿಯ ಮೇಲೆ ನಿಂತದ್ದನ್ನು ಸಮಾಜದ ಸ್ವತ್ತು ಎನ್ನಲಾಗದು. ಲೈಸೆನ್ಸಿನಿಂದ ಉಳಿದ ಹಣದಲ್ಲಿ ಒಂದು ಪಾಲು ನಮ್ಮ ಯುವಕನ ಮಾಸಿಕ ಗೌರವಧನಕ್ಕೂ ಒಂದು ಪಾಲು ಡೆಬಿಯನ್ನಿನ ದೇಣಿಗೆಗೂ ಹೋಗುತ್ತಿದೆ.

ಇನ್ನು ಸರ್ಕಾರದ ಮಾತು. ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆಯೆಂದು ಕೇಂದ್ರ ಸರ್ಕಾರ 2015ರಲ್ಲಿಯೇ ನೀತಿ ಪ್ರಕಟಿಸಿತು. ಅದೇ ಸರ್ಕಾರದ ಜಿಎಸ್‌ಟಿ ರಿಟರ್ನು ತುಂಬುವ ಆಫ್‌ಲೈನ್ ಸಲಕರಣೆಯನ್ನು ಮಾತ್ರ ವಿಂಡೋಸಿಗೂ ಎಕ್ಸೆಲ್ಲಿಗೂ ಎಂದೇ ಮಾಡಿಸಲಾಯಿತು. ತೆರಿಗೆ ಕಟ್ಟುವುದಕ್ಕೆ ಮೊದಲು ಒಂದು ಖಾಸಗಿ ಕಂಪನಿಗೆ ಕಪ್ಪ ಕಟ್ಟಿ ಬಾ ಎನ್ನುವುದು ಯಾವ ನ್ಯಾಯ? ನೆರೆಯ ಕೇರಳದ ಸರ್ಕಾರಿ ಶಾಲೆಗಳು ಇಪ್ಪತ್ತು ವರ್ಷಗಳಷ್ಟು ಹಿಂದಿನಿಂದಲೇ ಮುಕ್ತ ತಂತ್ರಾಂಶದ ಮೇಲೆ ಮಕ್ಕಳಿಗೆ ಕಲಿಸುತ್ತಿವೆ. ನಮ್ಮ ಪಾಲಿಟೆಕ್ನಿಕ್ಕುಗಳು ಸಹಕಾರ ಸಂಘಗಳೊಡನೆ ಕೈಜೋಡಿಸಿ, ತಾಲ್ಲೂಕಿಗೆ ಇಬ್ಬರಂತೆ ಸರ್ವರು ನೋಡಿಕೊಳ್ಳಬಲ್ಲ ಯುವಕ ಯುವತಿಯರನ್ನು ಸಂಬಳ ಕೊಟ್ಟು ನಿಲ್ಲಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಈ ಜಿಲ್ಲೆಯ ಸೊಸೈಟಿಗಳು ಬಿಡಿಬಿಡಿಯಾಗಿ ಲೈಸೆನ್ಸಿಗೆ ತೆರುವ ಹಣದಲ್ಲಿ ಇದು ಆಗದ ಕೆಲಸವಲ್ಲ.

ನೋಡಬಯಸುವ ವರ್ತಕರು, ಸಂಘಗಳ ಕಾರ್ಯದರ್ಶಿಗಳು ಭಾನುವಾರ ಬೆಳಿಗ್ಗೆ ಮುದ್ರಣಾಲಯಕ್ಕೆ ಬರಬಹುದು. ಯುವಕ ಹನ್ನೆರಡು ಗಂಟೆಯವರೆಗೆ ಇರುತ್ತಾನೆ. ಬರುವಾಗ ತಮ್ಮ ಕಡತಗಳ ಪ್ರತಿಯಿರುವ ಒಂದು ಡಿಸ್ಕನ್ನು ತರಲಿ. ಅಂಥ ಪ್ರತಿಯನ್ನೇ ಇಟ್ಟಿಲ್ಲದವರು ಮೊದಲು ಅದನ್ನು ಮಾಡಿಟ್ಟು, ಸರ್ವರಿನ ಮಾತಿಗೆ ಮುಂದಿನ ಭಾನುವಾರ ಬಂದರೂ ಆದೀತು.