ಗೆದ್ದ ಚರ್ಚೆಯನ್ನು ವಾಪಸ್ ತಗೊಳ್ತಿದ್ದೇವೆ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘ ನಡೆಸಿದ ಚರ್ಚಾಸ್ಪರ್ಧೆಯ ವಿಷಯ ನೆನಪಿರಬಹುದು: "ಪರಿಸರ ಉಳಿಸಲು ದೇಶಗಳು ಮಾಡಿಕೊಳ್ಳುವ ಒಪ್ಪಂದಗಳು ಬರೀ ಕಾಗದ." ನಾವಿಬ್ಬರು ವಿಷಯದ ಪರವಾಗಿ ಮಾತಾಡಿದೆವು. "ಸಹಿ ಹಾಕೋದು, ಗ್ರೂಪ್ ಫೋಟೋ ತೆಗೆಸ್ಕೊಳ್ಳೋದು, ಮುಂದಿನ ಸಭೆಗೆ ಡೇಟ್ ಫಿಕ್ಸ್ ಮಾಡೋದು, ಇಷ್ಟೇ ಅಲ್ವಾ?" ಅಂದಾಗ ಜೋರಾಗಿ ಚಪ್ಪಾಳೆ ಬಿತ್ತು. ಮೊದಲ ಬಹುಮಾನವೂ ಬಂತು.

ಪ್ರಶ್ನೋತ್ತರದ ಹೊತ್ತಲ್ಲಿ ಸಿವಿಲ್ ಬ್ರಾಂಚ್‌ನ ಒಬ್ಬ ಸೀನಿಯರ್ ಕೇಳಿದ್ದು ಒಂದೇ ಪ್ರಶ್ನೆ: "ಬಾಲ್ಟಿಕ್ ಸಮುದ್ರದ ಬಗ್ಗೆ ಓದಿದ್ದೀರಾ?" ಓದಿರಲಿಲ್ಲ. ಏನೋ ಜೋಕ್ ಹೇಳಿ ತಪ್ಪಿಸಿಕೊಂಡೆವು. ಜನ ನಕ್ಕರು, ಅವರು ಸುಮ್ಮನೆ ಕೂತರು. ಆ ಸುಮ್ಮನಿರುವಿಕೆ ನಮ್ಮನ್ನು ಬಿಡಲಿಲ್ಲ. ರಜೆಯಲ್ಲಿ ಓದಿದೆವು. ಈಗ ಹೇಳಲೇಬೇಕು: ನಾವು ಗೆದ್ದದ್ದು ನಿಜ, ಆದರೆ ಹೇಳಿದ್ದು ಅರ್ಧ ತಪ್ಪು.

ಬಾಲ್ಟಿಕ್ ಉತ್ತರ ಯುರೋಪಿನ ಒಳಸಮುದ್ರ. ವಿಸ್ತೀರ್ಣ ಸುಮಾರು 4 ಲಕ್ಷ ಚದರ ಕಿಲೋಮೀಟರ್, ಅಂದರೆ ಎರಡು ಕರ್ನಾಟಕಕ್ಕಿಂತ ಸ್ವಲ್ಪ ಜಾಸ್ತಿ. ಸರಾಸರಿ ಆಳ ಬರೀ 55 ಮೀಟರ್. ಹೊರಗಿನ ಸಮುದ್ರಕ್ಕೆ ಇರುವ ದಾರಿ ಡೆನ್ಮಾರ್ಕ್ ಹತ್ತಿರದ ಕಿರಿದಾದ ಜಲಸಂಧಿಗಳು ಮಾತ್ರ. ಒಳಗಿನ ನೀರು ಪೂರ್ತಿ ಬದಲಾಗಲು ಸುಮಾರು 30 ವರ್ಷ ಬೇಕು. ಸುತ್ತ ಒಂಬತ್ತು ದೇಶಗಳು. ನದಿಗಳ ಜಲಾನಯನ ಪ್ರದೇಶ ಸಮುದ್ರದ ನಾಲ್ಕು ಪಟ್ಟು, ಅಲ್ಲಿ ಸುಮಾರು 8.5 ಕೋಟಿ ಜನ. ಒಂದೇ ಒಂದು ಸಣ್ಣ ಔಟ್‌ಲೆಟ್ ಇರುವ ಟ್ಯಾಂಕಿಗೆ ಇಷ್ಟೂ ಜನರ ಕೊಳಚೆ, ಹೊಲಗಳ ಗೊಬ್ಬರ, ಕಾರ್ಖಾನೆಗಳ ನೀರು ಬಂದು ಬೀಳುತ್ತದೆ ಅಂತ ಊಹಿಸಿಕೊಳ್ಳಿ.

ಮುಖ್ಯ ಕಾಯಿಲೆ ನಮಗೆ ಗೊತ್ತಿರುವಂಥದ್ದೇ. ಬೆಂಗಳೂರಿನ ಕೆರೆಗಳಲ್ಲಿ ನೋಡಿದ್ದೇವೆ. ಕೊಳಚೆ ಮತ್ತು ಗೊಬ್ಬರದಿಂದ ಸಾರಜನಕ, ರಂಜಕ ಜಾಸ್ತಿಯಾಗುತ್ತದೆ, ಪಾಚಿ ಹುಲುಸಾಗಿ ಬೆಳೆಯುತ್ತದೆ, ಸತ್ತು ತಳಕ್ಕೆ ಹೋಗಿ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ತಿಂದು ಹಾಕುತ್ತದೆ. ಬಾಲ್ಟಿಕ್‌ನಲ್ಲಿ ತಳದ ನೀರು ಹೆಚ್ಚು ಉಪ್ಪು, ಭಾರ. ಮೇಲಿನ ನೀರಿನ ಜೊತೆ ಸುಲಭಕ್ಕೆ ಬೆರೆಯುವುದಿಲ್ಲ. ಹಾಗಾಗಿ ತಳಕ್ಕೆ ಆಮ್ಲಜನಕ ತಲುಪುವುದೇ ಕಷ್ಟ. ಇನ್ನೊಂದು ತೊಂದರೆಯೂ ಇದೆ. ಆಮ್ಲಜನಕ ಇಲ್ಲದಿದ್ದರೆ ತಳದ ಕೆಸರಿನಲ್ಲಿ ಹಿಂದೆ ಸೇರಿಕೊಂಡಿದ್ದ ರಂಜಕ ಬಿಡುಗಡೆಯಾಗಿ ಮತ್ತೆ ನೀರಿಗೆ ಬರುತ್ತದೆ. ಮತ್ತೆ ಪಾಚಿ, ಮತ್ತೆ ಆಮ್ಲಜನಕ ಕಡಿಮೆ. ಇದು ಅಪ್ಪಟ ಪಾಸಿಟಿವ್ ಫೀಡ್‌ಬ್ಯಾಕ್. ಕ್ಲಾಸಲ್ಲಿ ಬ್ಲಾಕ್ ಡಯಾಗ್ರಾಂ ಬರೆದು ಮರೆತಿದ್ದು ಇಲ್ಲಿ ಸಮುದ್ರದ ಗಾತ್ರದಲ್ಲಿ ನಡೀತಿದೆ.

ಈಗ ಒಪ್ಪಂದದ ಮಾತಿಗೆ ಬರೋಣ. 1974ರಲ್ಲಿ ಹೆಲ್ಸಿಂಕಿಯಲ್ಲಿ ಏಳು ದೇಶಗಳು ಸಹಿ ಹಾಕಿದವು: ಫಿನ್‌ಲ್ಯಾಂಡ್, ಸ್ವೀಡನ್, ಡೆನ್ಮಾರ್ಕ್, ಪೋಲೆಂಡ್, ಸೋವಿಯತ್ ಒಕ್ಕೂಟ, ಪಶ್ಚಿಮ ಜರ್ಮನಿ, ಪೂರ್ವ ಜರ್ಮನಿ. ಆಗ ಶೀತಲ ಸಮರದ ಕಾಲ. ಮಿಲಿಟರಿ ಕೂಟಗಳಲ್ಲಿ ಎದುರುಬದುರು ನಿಂತವರು, ಯಾವ ಕಡೆಗೂ ಸೇರದವರು, ಎಲ್ಲರೂ ಒಂದೇ ಮೇಜಿಗೆ ಬಂದರು. ಸಮುದ್ರಕ್ಕೆ ಬರುವ ಎಲ್ಲ ಬಗೆಯ ಮಾಲಿನ್ಯವನ್ನೂ ಒಂದೇ ಒಪ್ಪಂದದಡಿ ತಂದದ್ದು ಅದೇ ಮೊದಲು. 1980ರಲ್ಲಿ ಅದು ಜಾರಿಗೆ ಬಂತು. ಅದನ್ನು ನೋಡಿಕೊಳ್ಳುವ ಆಯೋಗದ ಹೆಸರು ಹೆಲ್ಕಾಮ್. 1992ರಲ್ಲಿ ಹೊಸ ಒಪ್ಪಂದ ಬರೆದರು, ಜಲಾನಯನ ಪ್ರದೇಶವನ್ನೂ ಲೆಕ್ಕಕ್ಕೆ ತಗೊಂಡರು.

"ಸರಿ, ಸಹಿ ಹಾಕಿದರು. ಆಮೇಲೆ?" ಚರ್ಚೆಯಲ್ಲಿ ನಾವು ಕೇಳಿದ್ದು ಇದನ್ನೇ. ಉತ್ತರ ಕಾಯದೆ ಮುಂದೆ ಹೋಗಿದ್ದು ನಮ್ಮ ತಪ್ಪು.

ಆಮೇಲೆ ಅಳತೆ ಶುರುವಾಯಿತು. ಯಾವ ದೇಶದಿಂದ ಎಷ್ಟು ಸಾರಜನಕ, ಎಷ್ಟು ರಂಜಕ ಬರ್ತಿದೆ ಅನ್ನೋದನ್ನು ಒಪ್ಪಿಕೊಂಡ ವಿಧಾನದಲ್ಲಿ ಅಳೆದು ಎಲ್ಲರ ಮುಂದೆ ಇಡಬೇಕು. ಕೇಳೋಕೆ ಬೋರು. ಆದರೆ ನನ್ನ ರೀಡಿಂಗ್ ಬೇರೆ, ನಿನ್ನ ರೀಡಿಂಗ್ ಬೇರೆ ಅಂತಿದ್ದರೆ ಲ್ಯಾಬಲ್ಲಿ ಇಬ್ಬರು ಪಾರ್ಟ್‌ನರ್‌ಗಳೇ ಜಗಳ ಆಡ್ತೀವಿ, ಇನ್ನು ಒಂಬತ್ತು ದೇಶಗಳ ಪಾಡೇನು? 1992ರಲ್ಲಿ ಅತಿ ಹೆಚ್ಚು ಕೊಳಕು ಬಿಡುವ ನೂರಕ್ಕೂ ಹೆಚ್ಚು ಜಾಗಗಳ ಪಟ್ಟಿ ಮಾಡಿದರು. ಸರಿಪಡಿಸಿದರೆ ಮಾತ್ರ ಹೆಸರು ಪಟ್ಟಿಯಿಂದ ಹೋಗುತ್ತದೆ. ಬಹುಪಾಲು ಹೆಸರುಗಳು ಈಗ ಅಲ್ಲಿಲ್ಲ.

ನಮಗೆ ತುಂಬ ಹಿಡಿಸಿದ್ದು ಸೇಂಟ್ ಪೀಟರ್ಸ್‌ಬರ್ಗ್ ಕಥೆ. 1978ರವರೆಗೆ ಆ ಮಹಾನಗರದ ಕೊಳಚೆ ಶುದ್ಧೀಕರಣವಿಲ್ಲದೆ ನೇರ ಸಮುದ್ರದ ಕಡೆ ಹೋಗ್ತಿತ್ತು. ನಗರದ ನೈಋತ್ಯ ಭಾಗಕ್ಕೆ ಅಂತ ಶುರುಮಾಡಿದ ಪ್ಲಾಂಟ್, ಸೋವಿಯತ್ ಒಕ್ಕೂಟ ಒಡೆದ ಮೇಲೆ ದುಡ್ಡಿಲ್ಲದೆ ಅರ್ಧಕ್ಕೆ ನಿಂತಿತು. ಅದನ್ನು ಮುಗಿಸಲು ಫಿನ್‌ಲ್ಯಾಂಡ್, ಸ್ವೀಡನ್ ಮತ್ತು ಅಂತರರಾಷ್ಟ್ರೀಯ ಬ್ಯಾಂಕುಗಳ ಹಣ ಬಂತು. 2005ರಲ್ಲಿ ಪ್ಲಾಂಟ್ ಓಡತೊಡಗಿತು. ಬೇರೆ ದೇಶದ ಕೊಳಚೆಗೆ ತನ್ನ ಜನರ ತೆರಿಗೆ ಹಣ ಯಾಕೆ? ಲೆಕ್ಕ ಸರಳ. ಫಿನ್‌ಲ್ಯಾಂಡ್ ತನ್ನ ಪ್ಲಾಂಟ್‌ಗಳನ್ನು ಆಗಲೇ ಚೆನ್ನಾಗಿ ಸುಧಾರಿಸಿಕೊಂಡಿತ್ತು. ಅಲ್ಲಿ ಇನ್ನೊಂದು ಕಿಲೋ ರಂಜಕ ಕಡಿಮೆ ಮಾಡುವ ಖರ್ಚು ಜಾಸ್ತಿ. ಅದೇ ದುಡ್ಡಿಗೆ ಪೀಟರ್ಸ್‌ಬರ್ಗ್‌ನಲ್ಲಿ ಎಷ್ಟೋ ಪಟ್ಟು ಹೆಚ್ಚು ಸಿಗುತ್ತದೆ. ಕೊಲ್ಲಿ ಎರಡು ದೇಶಗಳಿಗೂ ಒಂದೇ. ಇದನ್ನು ದಾನ ಅಂತ ಕರೆಯೋದು ತಪ್ಪು, ಇದು ಒಳ್ಳೆ ಎಂಜಿನಿಯರಿಂಗ್.

ಫಲ? ಡಿಡಿಟಿ, ಪಿಸಿಬಿ ಥರದ ವಿಷಗಳಿಂದ ಅಳಿವಿನ ಅಂಚಿಗೆ ಹೋಗಿದ್ದ ಬಿಳಿ ಬಾಲದ ಹದ್ದು, ಅವುಗಳ ನಿಷೇಧದ ನಂತರ ಮತ್ತೆ ಕರಾವಳಿ ತುಂಬ ಗೂಡು ಕಟ್ಟುತ್ತಿದೆ. 1970ರ ದಶಕದಲ್ಲಿ ಕೆಲವೇ ಸಾವಿರಕ್ಕೆ ಇಳಿದಿದ್ದ ಬೂದು ಸೀಲ್‌ಗಳು ಈಗ 30,000ಕ್ಕೂ ಹೆಚ್ಚು. ಸಮುದ್ರಕ್ಕೆ ಸೇರುವ ಸಾರಜನಕ, ರಂಜಕ 1980ರ ದಶಕಕ್ಕೆ ಹೋಲಿಸಿದರೆ ಸಾಕಷ್ಟು ಇಳಿದಿವೆ.

ಆದರೆ ನಾವು ಅಂದು ಹೇಳಿದ್ದರಲ್ಲಿ ಅರ್ಧ ಸರಿಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. 2007ರಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ ಒಪ್ಪಿದ ಯೋಜನೆ ಪ್ರಕಾರ 2021ಕ್ಕೆ ಸಮುದ್ರ ಆರೋಗ್ಯವಾಗಿರಬೇಕಿತ್ತು. ಆಗಲಿಲ್ಲ. 2021ರಲ್ಲಿ ಯೋಜನೆ ತಿದ್ದಿ ಬರೆದು ಗುರಿಯನ್ನು 2030ಕ್ಕೆ ತಳ್ಳಿದರು. ಹೆಲ್ಕಾಮ್ ಶಿಫಾರಸುಗಳಿಗೆ ಎಲ್ಲರ ಒಪ್ಪಿಗೆ ಬೇಕು, ಒಪ್ಪಿದ ಮೇಲೂ ಅವು ಕಾನೂನಿನಂತೆ ಕಟ್ಟಿಹಾಕುವುದಿಲ್ಲ. ಪೈಪಿನ ಬಾಯಲ್ಲಿ ಪ್ಲಾಂಟ್ ಕಟ್ಟಬಹುದು, ಸಾವಿರಾರು ಹೊಲಗಳಿಂದ ಹರಿದು ಬರುವ ಗೊಬ್ಬರಕ್ಕೆ ಪ್ಲಾಂಟ್ ಎಲ್ಲಿ ಕಟ್ಟೋದು? ರೈತರನ್ನು ಎದುರು ಹಾಕಿಕೊಳ್ಳಲು ಯಾವ ಸರ್ಕಾರಕ್ಕೂ ಧೈರ್ಯ ಸಾಲದು. ಪೂರ್ವ ಬಾಲ್ಟಿಕ್‌ನ ಕಾಡ್ ಮೀನು ಎಷ್ಟು ಕುಸಿಯಿತೆಂದರೆ 2019ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ಹಿಡಿಯುವುದನ್ನೇ ತಡೆಯಬೇಕಾಯಿತು. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದ ನಂತರ ರಷ್ಯಾವನ್ನೊಳಗೊಂಡ ಅಧಿಕೃತ ಸಭೆಗಳು ನಿಂತುಹೋದವು. ಉಳಿದವರು ತಮ್ಮತಮ್ಮಲ್ಲೇ ಕೂತು ಕೆಲಸ ಮುಂದುವರಿಸಿದರು. ಶೀತಲ ಸಮರ ತಡೆಯಲಾಗದ ಮಾತುಕತೆಯನ್ನು ನಿಜವಾದ ಯುದ್ಧ ತಡೆಯಿತು.

ಹಾಗಾದರೆ ಕಾಗದವೇ ಆಯ್ತಲ್ಲ ಅನ್ನಬಹುದು. ನಮ್ಮ ಉತ್ತರ ಇದು. 30 ವರ್ಷಕ್ಕೊಮ್ಮೆ ನೀರು ಬದಲಾಗುವ ಸಿಸ್ಟಂಗೆ ಇನ್‌ಪುಟ್ ಇಳಿಸಿದ ಕೂಡಲೇ ಔಟ್‌ಪುಟ್ ಬದಲಾಗುವುದಿಲ್ಲ. ಸೆಟ್ಲಿಂಗ್ ಟೈಮ್ ಮುಗಿಯುವ ಮೊದಲೇ "ಕಂಟ್ರೋಲರ್ ವೇಸ್ಟ್" ಅಂತ ಕಿತ್ತು ಬಿಸಾಡುವವನಿಗೆ ನಮ್ಮ ಮೇಡಂ ಮಾರ್ಕ್ಸ್ ಕೊಡ್ತಾರಾ? ಸಭೆ ನಿಂತರೂ, ಕಟ್ಟಿದ ಪ್ಲಾಂಟ್ ಅದಕ್ಕೋಸ್ಕರ ನಿಲ್ಲಬೇಕಿಲ್ಲ. ಭಾಷಣದಲ್ಲಿ ಮಾತ್ರ ಇದ್ದ ಸಹಕಾರ ಯುದ್ಧದ ದಿನ ಸಾಯುತ್ತದೆ. ಕಾಂಕ್ರೀಟು, ಪೈಪು, ಡೇಟಾ ಆದ ಸಹಕಾರ ಸ್ವಲ್ಪವಾದರೂ ಉಳಿಯುತ್ತದೆ.

ಇದು ದೂರದ ಮಾತೂ ಅಲ್ಲ. ನಮ್ಮ ಕರಾವಳಿಯ ಅರಬ್ಬಿ ಸಮುದ್ರವೂ ಹಂಚಿಕೊಂಡದ್ದೇ. 1995ರಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾ, ಬಾಂಗ್ಲಾದೇಶ, ಮಾಲ್ಡೀವ್ಸ್ ಸೇರಿ ದಕ್ಷಿಣ ಏಷ್ಯಾದ ಸಮುದ್ರಗಳಿಗೆ ಒಂದು ಕ್ರಿಯಾಯೋಜನೆ ಒಪ್ಪಿಕೊಂಡವು. ಹೆಲ್ಸಿಂಕಿಯಂಥ ಕಟ್ಟುಪಾಡಿನ ಒಪ್ಪಂದ ಅದರ ಹಿಂದೆ ಇಲ್ಲ. 2021ರಲ್ಲಿ ಎಕ್ಸ್‌ಪ್ರೆಸ್ ಪರ್ಲ್ ಹಡಗಿನಲ್ಲಿ ಆಸಿಡ್ ಸೋರುತ್ತಿದ್ದ ಕಂಟೇನರನ್ನು ದಾರಿಯ ಎರಡು ಬಂದರುಗಳಲ್ಲಿ, ಕತಾರ್‌ನಲ್ಲೂ ನಮ್ಮ ಗುಜರಾತಿನಲ್ಲೂ, ಇಳಿಸಲಾಗಲಿಲ್ಲ. ಕೊನೆಗೆ ಹಡಗು ಕೊಲಂಬೊ ಹತ್ತಿರ ಹೊತ್ತಿ ಉರಿದು ಮುಳುಗಿತು, ಪ್ಲಾಸ್ಟಿಕ್ ಕಾಳುಗಳು ಶ್ರೀಲಂಕಾದ ದಡಕ್ಕೆ ರಾಶಿ ಬಿದ್ದವು. ತೊಂದರೆ ಶುರುವಾದದ್ದು ಒಂದು ಕಡೆ, ಅನುಭವಿಸಿದ ಮೀನುಗಾರರು ಇನ್ನೊಂದು ಕಡೆ.

ಪರಿಸರ ಪೇಪರ್‌ನಲ್ಲಿ ಒಪ್ಪಂದಗಳ ಹೆಸರು, ಇಸವಿ ಬಾಯಿಪಾಠ ಮಾಡಿ ಎರಡು ಮಾರ್ಕ್ಸ್ ತಗೊಂಡು ಮರೆಯುತ್ತೇವೆ. ಇಸವಿ ಬಿಡಿ. ಯಾರು ಅಳೆದರು, ಯಾರು ದುಡ್ಡು ಹಾಕಿದರು, ಎಲ್ಲಿ ಪ್ಲಾಂಟ್ ಕಟ್ಟಿದರು ಅಂತ ಕೇಳೋಣ. ಅದಕ್ಕೆ ಉತ್ತರ ಇಲ್ಲದ ಒಪ್ಪಂದ ಖಂಡಿತ ಕಾಗದವೇ. ಉತ್ತರ ಇದ್ದರೆ ಅದರೊಳಗೆ ನಮ್ಮಂಥವರಿಗೆ ಕೆಲಸ ಇದೆ ಅಂತ ಅರ್ಥ.

ಆ ಸೀನಿಯರ್‌ಗೆ ಒಂದು ಕಾಫಿ ಬಾಕಿ ಇದೆ. ಬಹುಮಾನದ ಸರ್ಟಿಫಿಕೇಟ್ ಮಾತ್ರ ನಮ್ಮ ಹತ್ತಿರವೇ ಇರಲಿ. ಅದಂತೂ ಬರೀ ಕಾಗದ ಅಂತ ನಮಗೀಗ ಗೊತ್ತಾಗಿದೆ.