ಪ್ರಮಾಣಪತ್ರ ಚಾಲಕನಿಗೆ, ಅಪಾಯ ಹಮಾಲಿಗೆ

ಅಪಾಯಕಾರಿ ಸರಕನ್ನು ಸಾಗಿಸುವವರಿಗೂ ದಾಸ್ತಾನು ಮಾಡುವವರಿಗೂ ಎಂಥ ತರಬೇತಿ ಬೇಕೆಂಬ ಪ್ರಶ್ನೆ ಕರ್ನಾಟಕದಲ್ಲಿ ದುರಂತವಾದಾಗಲೆಲ್ಲ ತಲೆಯೆತ್ತುತ್ತದೆ. ಲೈಸೆನ್ಸ್, ದಾಳಿ, ಅಮಾನತುಗಳ ಗದ್ದಲದಲ್ಲಿ ಅಷ್ಟೇ ಬೇಗ ಮರೆತೂ ಹೋಗುತ್ತದೆ. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ವಾಹನದಿಂದ ಪಟಾಕಿ ಪೆಟ್ಟಿಗೆಗಳನ್ನು ಇಳಿಸುತ್ತಿದ್ದ ಹೊತ್ತಿನಲ್ಲಿ ಹತ್ತಿದ ಬೆಂಕಿ ಮಳಿಗೆಯನ್ನೂ ಗೋದಾಮನ್ನೂ ಆವರಿಸಿ ಮೊದಲ ದಿನವೇ 14 ಮಂದಿಯನ್ನು ಬಲಿ ತೆಗೆದುಕೊಂಡಿತು, ಮುಂದಿನ ದಿನಗಳಲ್ಲಿ ಆ ಸಂಖ್ಯೆ ಇನ್ನೂ ಏರಿತು. ಸತ್ತವರಲ್ಲಿ ಬಹಳಷ್ಟು ಮಂದಿ ದೀಪಾವಳಿಯ ಹಂಗಾಮಿನ ಕೂಲಿಗೆಂದು ತಮಿಳುನಾಡಿನಿಂದ ಬಂದಿದ್ದ ಎಳೆಯರು. ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು, ಅಧಿಕಾರಿಗಳನ್ನು ಅಮಾನತು ಮಾಡಿತು, ಮೆರವಣಿಗೆ ಮತ್ತು ಸಮಾರಂಭಗಳಲ್ಲಿ ಪಟಾಕಿ ಸಿಡಿಸುವುದನ್ನು ನಿಷೇಧಿಸಿತು. ಪರವಾನಗಿ ಯಾರ ಹೆಸರಿನಲ್ಲಿತ್ತು, ಎಷ್ಟು ದಾಸ್ತಾನಿಗೆ ಇತ್ತು ಎಂಬುದರ ಸುತ್ತಲೇ ಚರ್ಚೆ ಸುತ್ತಿತು. ಪೆಟ್ಟಿಗೆ ಹೊರುತ್ತಿದ್ದವರಿಗೆ ಅದರೊಳಗೆ ಏನಿದೆ, ಹೇಗೆ ಇಳಿಸಬೇಕು, ಕಿಡಿ ಕಂಡರೆ ಯಾವ ಕಡೆ ಓಡಬೇಕು ಎಂಬುದನ್ನು ಯಾರಾದರೂ ಹೇಳಿದ್ದರೇ ಎಂದು ಕೇಳಿದವರು ವಿರಳ.

ಕಾನೂನಿನಲ್ಲಿ ತರಬೇತಿಯೇ ಇಲ್ಲವೆಂದಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 9ನೇ ನಿಯಮದ ಪ್ರಕಾರ ಅಪಾಯಕಾರಿ ಸರಕಿನ ವಾಹನ ಓಡಿಸುವವರು ರಾಜ್ಯ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಮೂರು ದಿನಗಳ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆಯಬೇಕು, ಲೈಸೆನ್ಸಿನ ಮೇಲೆ ಅದರ ನಮೂದಾಗಬೇಕು. ಆದರೆ ಆ ಪಠ್ಯಕ್ರಮದ ಮೊದಲೆರಡು ದಿನಗಳು ಬ್ರೇಕಿನ ದೂರ, ರಾತ್ರಿ ಚಾಲನೆ, ಹೆದ್ದಾರಿ ಚಾಲನೆ ಮುಂತಾದ ಚಾಲನಾ ಕೌಶಲಕ್ಕೆ ಮೀಸಲಾಗಿವೆ. ವಿಶ್ವಸಂಸ್ಥೆಯ ಒಂಬತ್ತು ವರ್ಗಗಳು, ವಸ್ತುವಿನ ಗುರುತಿನ ಸಂಖ್ಯೆ, ತುರ್ತು ಕ್ರಮವನ್ನು ಸೂಚಿಸುವ ಹಜ್‌ಕೆಮ್ ಸಂಕೇತ, ಸೋರಿಕೆಯ ನಿರ್ವಹಣೆ, ಬೆಂಕಿ ನಂದಿಸುವಿಕೆ, ಪ್ರಥಮ ಚಿಕಿತ್ಸೆ ಇವೆಲ್ಲವೂ ಮೂರನೆಯ ಒಂದೇ ದಿನಕ್ಕೆ ಸೇರಿವೆ. ಹಿಂದೆ ಈ ಲೈಸೆನ್ಸಿನ ಅವಧಿ ಒಂದು ವರ್ಷ ಮಾತ್ರವಿದ್ದು, ನವೀಕರಣಕ್ಕೆ ಒಂದು ದಿನದ ಪುನರ್‌ತರಬೇತಿ ಕಡ್ಡಾಯವಾಗಿತ್ತು. 2019ರ ತಿದ್ದುಪಡಿ ಅವಧಿಯನ್ನು ಮೂರು ವರ್ಷಕ್ಕೆ ಏರಿಸಿತು. ಸಾಗಣೆದಾರರಿಗೆ ಇದು ಅನುಕೂಲವೇ ಆಯಿತು, ಆದರೆ ಪೆಟ್ರೋಲು ಅಥವಾ ಕ್ಲೋರಿನ್ ತುಂಬಿದ ವಾಹನದ ಚಾಲಕ ಸೋರಿಕೆಯ ಪಾಠವನ್ನು ಮೂರು ವರ್ಷ ನೆನಪಿಟ್ಟುಕೊಂಡಿರುತ್ತಾನೆಂದು ನಂಬಲು ಕಾರಣವೇನೆಂಬುದನ್ನು ಯಾರೂ ವಿವರಿಸಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಬೇರೆಯಿದೆ. 9ನೇ ನಿಯಮದ ಈ ಕೋರ್ಸು ಚಾಲಕನಿಗೆ ಮಾತ್ರ. ಲಾರಿಯ ಹಿಂಬದಿಯಲ್ಲಿ ನಿಂತು ಡ್ರಮ್ ಉರುಳಿಸುವ ಹಮಾಲಿಗಾಗಲಿ, ಕ್ಲೀನರ್‌ಗಾಗಲಿ, ಯಾವ ಡ್ರಮ್ಮಿನ ಪಕ್ಕದಲ್ಲಿ ಯಾವ ಚೀಲ ಇರಬೇಕೆಂದು ತೀರ್ಮಾನಿಸುವ ಗೋದಾಮಿನ ಮೇಸ್ತ್ರಿಗಾಗಲಿ ಅಲ್ಲ. ಭೋಪಾಲ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯಿದೆಗೆ ಆದ ತಿದ್ದುಪಡಿಯು ಅಪಾಯದ ಮಾಹಿತಿ ಮತ್ತು ತರಬೇತಿಯನ್ನು ಕಾರ್ಮಿಕರ ಹಕ್ಕೆಂದು ಒಪ್ಪಿಕೊಂಡಿತು, ಆದರೆ ತಯಾರಿಕೆ ನಡೆಯದ ಗೋದಾಮು 2025ರವರೆಗೆ ಜಾರಿಯಲ್ಲಿದ್ದ ಆ ಕಾಯಿದೆಯ ಅರ್ಥದಲ್ಲಿ ಕಾರ್ಖಾನೆಯೇ ಆಗಿರಲಿಲ್ಲ. ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ದಾಸ್ತಾನು ಮತ್ತು ಆಮದು ನಿಯಮಗಳು, 1989 ಗೋದಾಮುಗಳನ್ನು ಒಳಗೊಳ್ಳುತ್ತವಾದರೂ ಅಲ್ಲಿ ಅನೇಕ ಹೊಣೆಗಳು ದಾಸ್ತಾನು ಒಂದು ನಿಗದಿತ ಪ್ರಮಾಣ ಮುಟ್ಟಿದ ಮೇಲೆಯೇ ಹುಟ್ಟುತ್ತವೆ. ಹೀಗೆ ಒಂದು ಕಾಯಿದೆ ರಸ್ತೆಯಂಚಿನಲ್ಲಿ ಮುಗಿಯುತ್ತದೆ, ಇನ್ನೊಂದು ಕಾರ್ಖಾನೆಯ ಗೇಟಿನೊಳಗೆ ಶುರುವಾಗುತ್ತಿತ್ತು. ನಡುವೆ ಉಳಿದ ಸಣ್ಣ ಗೋದಾಮಿನಲ್ಲಿ ದಿನಗೂಲಿಯವರು ಕೆಲಸ ಮಾಡುತ್ತಾರೆ.

ಇಂಥ ನಡುವಿನ ಜಾಗಕ್ಕೆ ಉದಾಹರಣೆ ಪೂರ್ವ ಬೆಂಗಳೂರಿನ ಕಗ್ಗದಾಸಪುರ. ಅದನ್ನು ಯಾರೂ ಅಪಾಯಕಾರಿ ಸರಕಿನ ತಾಣವೆಂದು ಎಣಿಸುವುದಿಲ್ಲ. ಸಿ.ವಿ. ರಾಮನ್ ನಗರ, ಮಲ್ಲೇಶಪಾಳ್ಯಗಳಿಗೆ ಹೊಂದಿಕೊಂಡು ಪಿ.ಜಿ.ಗಳೂ ಅಪಾರ್ಟ್‌ಮೆಂಟುಗಳೂ ಒತ್ತೊತ್ತಾಗಿ ಎದ್ದಿರುವ ಈ ಬಡಾವಣೆಯ ಹೆಸರು ಸುದ್ದಿಯಾಗುವುದು ಸಾಮಾನ್ಯವಾಗಿ ರೈಲ್ವೆ ಗೇಟಿನ ವಾಹನದಟ್ಟಣೆಗೆ. ಆದರೂ ಇಲ್ಲಿನ ಅಡುಗೆಮನೆಗಳಿಗೆ ಸಿಲಿಂಡರು ಬರುವುದು ಇದೇ ಇಕ್ಕಟ್ಟಿನ ರಸ್ತೆಗಳಲ್ಲಿ. ಹೊಸಕೋಟೆ ತಾಲ್ಲೂಕಿನ ದೇವನಗುಂದಿಯ ತೈಲ ಕಂಪನಿಗಳ ಡಿಪೊಗಳೂ ವೈಟ್‌ಫೀಲ್ಡಿನ ಕಂಟೇನರ್ ಡಿಪೊ ಕೂಡ ನಗರದ ಈ ದಿಕ್ಕಿನಲ್ಲೇ ಇವೆ. ಮನೆಯ ಕೆಳಮಹಡಿಯನ್ನೇ ಬಾಡಿಗೆಗೆ ಪಡೆದ ಬಣ್ಣದಂಗಡಿಯ ಥಿನ್ನರ್ ಡಬ್ಬಗಳು, ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವ ಕಂಪನಿಗಳ ದಾಸ್ತಾನು ಮಳಿಗೆಗಳು, ವಿದ್ಯುತ್ ಸ್ಕೂಟರಿನ ಬ್ಯಾಟರಿಗಳು ಇಂಥ ಬಡಾವಣೆಗಳ ಹೊಸ ವಾಸ್ತವ. ಶೌಚಾಲಯ ತೊಳೆಯುವ ಆಮ್ಲದ ಬಾಟಲಿಯೂ ಬ್ಲೀಚಿಂಗ್ ಪೌಡರಿನ ಪೊಟ್ಟಣವೂ ‘ಕ್ಲೀನಿಂಗ್ ಸಾಮಾನು’ ಎಂಬ ಒಂದೇ ಗುಂಪಿಗೆ ಸೇರಿ ಒಂದೇ ರ‍್ಯಾಕಿನಲ್ಲಿ ಕೂರುತ್ತವೆ. ಮೇಲಿನದು ಒಡೆದು ಕೆಳಗಿನದರ ಮೇಲೆ ಸುರಿದರೆ ಹೊಮ್ಮುವುದು ಕ್ಲೋರಿನ್ ಅನಿಲ. ಆ ರ‍್ಯಾಕನ್ನು ಜೋಡಿಸುವ ಹುಡುಗನಿಗೆ ಇದಿಷ್ಟು ಗೊತ್ತಿದ್ದರೆ ಸಾಕು, ಒಂಬತ್ತು ವರ್ಗಗಳ ಬಾಯಿಪಾಠ ಬೇಕಿಲ್ಲ.

ಲಿಥಿಯಂ ಬ್ಯಾಟರಿಯ ಉದಾಹರಣೆ ಈ ಅಸಂಗತಿಯನ್ನು ಇನ್ನಷ್ಟು ನಿಚ್ಚಳಗೊಳಿಸುತ್ತದೆ. ಅದು 9ನೇ ವರ್ಗದ, ಅಂದರೆ ಉಳಿದ ಎಂಟರಲ್ಲಿ ಸೇರದ ಸಂಕೀರ್ಣ ಅಪಾಯಗಳ ವರ್ಗದ ಸರಕು. ಅದೇ ಬ್ಯಾಟರಿ ವಿಮಾನ ಏರಬೇಕಾದರೆ ಪ್ಯಾಕ್ ಮಾಡುವವರು, ಸ್ವೀಕರಿಸುವವರು, ವಿಮಾನಕ್ಕೆ ತುಂಬುವವರು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ತಕ್ಕ ತರಬೇತಿ ಪಡೆದಿರಬೇಕು, 24 ತಿಂಗಳಿಗೊಮ್ಮೆ ಅದನ್ನು ನವೀಕರಿಸಬೇಕು. ಬ್ಯಾಟರಿಯನ್ನು ಬಿಡಿಯಾಗಿ ಸರಕು ವಿಮಾನದಲ್ಲಿ ಕಳಿಸುವಾಗ ಅದರ ಚಾರ್ಜ್ ಶೇ 30ನ್ನು ಮೀರುವಂತಿಲ್ಲ, ಪ್ರಯಾಣಿಕ ವಿಮಾನದಲ್ಲಂತೂ ಹಾಗೆ ಸಾಗಿಸುವಂತೆಯೇ ಇಲ್ಲ. ಕಗ್ಗದಾಸಪುರದ ಪಕ್ಕದ ಎಚ್‌ಎಎಲ್ ನಿಲ್ದಾಣದಿಂದ 2008ರ ಮೇ ತಿಂಗಳವರೆಗೆ ನಾಗರಿಕ ವಿಮಾನಗಳು ಹಾರುತ್ತಿದ್ದವು. ಅಂದು ನಿಲ್ದಾಣದ ಕಾಂಪೌಂಡಿನೊಳಗೆ ಒಂದು ಪೆಟ್ಟಿಗೆಗೆ ಸಿಗುತ್ತಿದ್ದ ಎಚ್ಚರ ಕಾಂಪೌಂಡಿನ ಹೊರಗಿನ ಬೀದಿಯಲ್ಲಿ ಸಿಗುತ್ತಿರಲಿಲ್ಲ, ಇಂದಿಗೂ ಸಿಗುವುದಿಲ್ಲ. 2024ರ ನವೆಂಬರ್ 19ರಂದು ಡಾ. ರಾಜ್‌ಕುಮಾರ್ ರಸ್ತೆಯ ವಿದ್ಯುತ್ ಸ್ಕೂಟರ್ ಮಳಿಗೆಯೊಂದಕ್ಕೆ ಬೆಂಕಿ ಬಿದ್ದು ಅಲ್ಲಿನ ಯುವ ಉದ್ಯೋಗಿಯೊಬ್ಬರು ಸತ್ತದ್ದು ನೆಲದ ಮೇಲೆಯೇ.

ತರಬೇತಿಯ ಅಗತ್ಯ ಮನಗಂಡ ಮಾಲೀಕರೂ ಆಯ್ಕೆಯಲ್ಲಿ ಎಡವುತ್ತಾರೆ. ಹೆಸರಾಂತ ವಿಮಾನ ಸರಕು ಕೋರ್ಸಿನ ಪ್ರಮಾಣಪತ್ರ ಗೋಡೆಗೆ ಒಪ್ಪುತ್ತದೆ, ಟೆಂಡರಿನ ಕಡತಕ್ಕೂ ಒಪ್ಪುತ್ತದೆ. ಆದರೆ ಕಳುಹಿಸುವವರ ಘೋಷಣಾಪತ್ರ ತುಂಬುವುದನ್ನು ಕಲಿಸುವ ಪಾಠ ಜೀವನದಲ್ಲಿ ಒಮ್ಮೆಯೂ ಅಂಥ ಪತ್ರ ಬರೆಯದ ಹಮಾಲಿಗೆ ವ್ಯರ್ಥ. ವಿಶ್ವಸಂಸ್ಥೆಯ ಮಾದರಿ ನಿಯಮಗಳು ತರಬೇತಿಯನ್ನು ಸಾಮಾನ್ಯ ಅರಿವು, ನಿರ್ದಿಷ್ಟ ಕೆಲಸದ ಜ್ಞಾನ, ಸುರಕ್ಷತೆ ಎಂದು ವಿಂಗಡಿಸಿರುವುದು ಈ ಕಾರಣಕ್ಕೇ. ವಿಮಾನಯಾನ ಕ್ಷೇತ್ರವೇ 2023ರ ಜನವರಿಯಿಂದ ಎಲ್ಲರಿಗೂ ಒಂದೇ ಅಚ್ಚಿನ ಕೋರ್ಸನ್ನು ಬಿಟ್ಟು, ಮಾಡುವ ಕೆಲಸದಲ್ಲಿ ಪರಿಣತಿ ಇದೆಯೇ ಎಂದು ಅಳೆಯುವ ಪದ್ಧತಿಗೆ ಹೊರಳಿತು. ಹಾಗಿರುವಾಗ ಕೋರ್ಸಿನ ಹೆಸರು ನೋಡಿ ಹಣ ಕಟ್ಟುವ ಬದಲು ಕೆಲಸಗಾರನ ಕೈ ದಿನವಿಡೀ ಏನನ್ನು ಮುಟ್ಟುತ್ತದೆಂದು ನೋಡುವುದೇ ಸರಿಯಾದ ಮೊದಲ ಹೆಜ್ಜೆ. ಸಿಲಿಂಡರು ಇಳಿಸುವವನಿಗೆ ಕವಾಟದ ಸೋರಿಕೆ ಪತ್ತೆಹಚ್ಚುವುದು ಬೇಕು. ಥಿನ್ನರ್ ಗೋದಾಮಿನವನಿಗೆ ಆವಿ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟಬಲ್ಲದೆಂಬ ತಿಳಿವಳಿಕೆ ಬೇಕು, ಬ್ಯಾಟರಿ ಜೋಡಿಸುವವನಿಗೆ ಉಬ್ಬಿದ ಬ್ಯಾಟರಿಯನ್ನು ಗುರುತಿಸಿ ಉಳಿದವುಗಳಿಂದ ಬೇರ್ಪಡಿಸುವ ರೂಢಿ ಬೇಕು.

ತರಬೇತಿ ಬೇಕೆಂಬ ಮಾತಿಗೆ ಸರ್ಕಾರದ ಕಡೆಯಿಂದ ಬರುವ ಉತ್ತರ ದಾಳಿಯೇ ಮದ್ದೆಂಬುದು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಜಿಲೆಟಿನ್ ತುಂಬಿದ ವಾಹನ ಸ್ಫೋಟಗೊಂಡ ಮೇಲೆ ರಾಜ್ಯದಾದ್ಯಂತ ಕಲ್ಲುಗಣಿಗಳ ಮೇಲೆ ಕಣ್ಣು ಬಿತ್ತು. ಒಂದು ತಿಂಗಳು ತುಂಬುತ್ತಲೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಪೊಲೀಸ್ ದಾಳಿಗೆ ಹೆದರಿ ಬಚ್ಚಿಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋದ ಆರು ಮಂದಿ ಸತ್ತರು. ದಾಳಿ ತಪ್ಪೆಂದು ಇದರ ಅರ್ಥವಲ್ಲ. ಸ್ಫೋಟಕವನ್ನು ಮುಟ್ಟಬಾರದು, ಅದನ್ನು ನಿಷ್ಕ್ರಿಯಗೊಳಿಸುವವರು ಬೇರೆಯೇ ಇದ್ದಾರೆ, ಅವರನ್ನು ಕರೆಯಬೇಕು ಎಂಬ ಅತ್ಯಂತ ಪ್ರಾಥಮಿಕ ಪಾಠವೂ ಇಲ್ಲದವರ ಮೇಲೆ ಒತ್ತಡ ಹೇರಿದರೆ ಅಪಾಯ ಮಾಯವಾಗುವುದಿಲ್ಲ. ಅದು ಕತ್ತಲಲ್ಲಿ, ಇನ್ನೂ ಅನನುಭವಿಯಾದ ಕೈಗೆ ದಾಟುತ್ತದೆ.

ಮಾಲೀಕರ ಆಕ್ಷೇಪ ಬೇರೆ ಬಗೆಯದು. ಕೂಲಿಯವರು ಮೂರು ತಿಂಗಳೂ ನಿಲ್ಲುವುದಿಲ್ಲ, ಅವರಿಗೆ ಖರ್ಚು ಮಾಡಿ ಕಲಿಸಿದರೆ ಫಲ ಪಕ್ಕದ ಗೋದಾಮಿನವನಿಗೆ ಎಂಬ ಮಾತಿನಲ್ಲಿ ಸತ್ಯವಿದೆ, ಇನ್ನೊಂದು ಪ್ರಮಾಣಪತ್ರ ಎಂದರೆ ಇನ್ನೊಬ್ಬ ಇನ್‌ಸ್ಪೆಕ್ಟರನ ಕೈಬಿಸಿ ಎಂಬ ಭಯದಲ್ಲೂ ಸತ್ಯವಿದೆ. ಸರಕು ತುಂಬುವವರು, ಇಳಿಸುವವರನ್ನೂ ತರಬೇತಿಯ ವ್ಯಾಪ್ತಿಗೆ ತಂದಿರುವ ಅಮೆರಿಕದ ನಿಯಮ ಈ ಕಷ್ಟವನ್ನು ಬಲ್ಲದು: ಹೊಸಬನು ತರಬೇತಿ ಪಡೆದವನ ನೇರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬಹುದು, ಆದರೆ 90 ದಿನಗಳೊಳಗೆ ಕಲಿಕೆ ಮುಗಿಯಬೇಕು. ಅತ್ತಿಬೆಲೆಯಂಥ ಹಂಗಾಮಿ ಕೂಲಿಗೆ ಆ 90 ದಿನವೂ ಹೆಚ್ಚಾಯಿತು, ಏಕೆಂದರೆ ಅಲ್ಲಿ ಇಡೀ ಉದ್ಯೋಗವೇ ಅಷ್ಟು ಕಾಲ ಇರುವುದಿಲ್ಲ. ಪಟಾಕಿಗೂ ಸ್ಫೋಟಕಕ್ಕೂ ಮೊದಲ ಪೆಟ್ಟಿಗೆ ಎತ್ತುವ ಮುನ್ನವೇ ಪಾಠವಾಗಬೇಕು, ಮತ್ತು ಅದಕ್ಕೆ ಒಂದು ಗಂಟೆ ಸಾಕು. ಹಾಗಾಗಿ ನಿಲ್ಲದ ಕೂಲಿಗಾರನಿಗೆ ಕೋರ್ಸು ಕೊಡಿಸುವುದಕ್ಕಿಂತ ನಿಲ್ಲುವ ಮೇಸ್ತ್ರಿಗೆ ಆಳವಾದ ತರಬೇತಿ ಕೊಟ್ಟು, ಪ್ರತಿ ಹೊಸ ತಂಡಕ್ಕೂ ಕಲಿಸುವ ಹೊಣೆಯನ್ನು ಅವನ ಮೇಲೆ ಹಾಕುವುದು ಕಾರ್ಯಸಾಧ್ಯ.

ಭಾಷೆಯ ವಿಷಯದಲ್ಲಿ ನಿಯಮವೇ ತಲೆಕೆಳಗಾಗಿದೆ. 9ನೇ ನಿಯಮ ಚಾಲಕನಿಗೆ ಸಂವಿಧಾನದ 8ನೇ ಅನುಸೂಚಿಯ ಒಂದು ಭಾಷೆಯ ಜೊತೆಗೆ ಇಂಗ್ಲಿಷಿನಲ್ಲೂ ಓದು ಬರಹ ಬರಬೇಕೆನ್ನುತ್ತದೆ. ಪ್ರಾಯೋಗಿಕವಾಗಿ ಇದು ಒಂದೋ ಒಳ್ಳೆಯ ಚಾಲಕರನ್ನು ಹೊರಗಿಡುತ್ತದೆ, ಇಲ್ಲವೇ ಸುಳ್ಳು ಪ್ರಮಾಣಪತ್ರವನ್ನು ಸಾಕುತ್ತದೆ. ಕ್ಯಾಬಿನ್ನಿನಲ್ಲಿರಬೇಕಾದ ತುರ್ತು ಸೂಚನಾ ಪತ್ರ ಕನ್ನಡ, ತಮಿಳು, ತೆಲುಗು, ಹಿಂದಿಗಳಲ್ಲಿದ್ದರೆ ಆ ಷರತ್ತಿನ ಅಗತ್ಯವೇ ಬೀಳದು. ಪರೀಕ್ಷೆಯೂ ಹಾಗೆಯೇ: ಹಮಾಲಿಯ ಪರೀಕ್ಷೆ ಗೋದಾಮಿನ ಬಾಗಿಲಲ್ಲಿ, ಬಾಯಿಮಾತಿನಲ್ಲಿ, ಅವನ ಮುಂದೆಯೇ ಇರುವ ಡ್ರಮ್ಮನ್ನು ತೋರಿಸಿ ನಡೆಯಲಿ.

ಖರ್ಚು ಯಾರದೆಂಬುದು ಬಗೆಹರಿಯದ ಸಂಗತಿಯೇನಲ್ಲ. ಸರಕಿನ ಬಗ್ಗೆ ಸಂಪೂರ್ಣ ಮಾಹಿತಿ ಕೊಡುವ ಹೊಣೆಯನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 131ನೇ ನಿಯಮ ಈಗಾಗಲೇ ಸರಕು ಕಳಿಸುವವರ ಮೇಲೆ ಹೊರಿಸಿದೆ, ಚಾಲಕನಿಗೆ ತರಬೇತಿಯಾಗಿದೆಯೇ ಎಂದು ನೋಡಿಕೊಳ್ಳುವುದನ್ನು 132ನೇ ನಿಯಮ ವಾಹನದ ಮಾಲೀಕರಿಗೆ ಬಿಟ್ಟಿದೆ. ಲಾಭದ ದೊಡ್ಡ ಪಾಲು ತಯಾರಕರದ್ದೂ ಸಗಟು ವ್ಯಾಪಾರಿಗಳದ್ದೂ ಆಗಿರುವಾಗ ಇಳಿಸುವವರ ತರಬೇತಿಯ ವೆಚ್ಚವೂ ಅವರ ಬಿಲ್ಲಿಗೇ ಸೇರಬೇಕು. ಮನೆ ಬಾಗಿಲಿಗೆ ಸಾಮಾನು ತರುವ ಗಿಗ್ ಕಾರ್ಮಿಕರಿಗಾಗಿ ರಾಜ್ಯ 2025ರಲ್ಲಿ ಮಾಡಿದ ಕಾನೂನು ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲಿಗೆ ದಾರಿ ಮಾಡಿದೆ. ಆ ಹಣದಲ್ಲಿ ಒಂದು ಪಾಲನ್ನು ಬ್ಯಾಟರಿ ಮತ್ತು ರಾಸಾಯನಿಕಗಳ ಪಾಠಕ್ಕೆ ಎತ್ತಿಡಲು ಇಚ್ಛೆಯೊಂದಿದ್ದರೆ ಸಾಕು. 9ನೇ ನಿಯಮದ ತರಬೇತಿ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲೇ ಇರುವುದರಿಂದ, ಮೇಸ್ತ್ರಿಗಳಿಗೂ ಹಮಾಲಿಗಳಿಗೂ ಕನ್ನಡದಲ್ಲಿ ಪಾಠ ಮಾಡದ ಸಂಸ್ಥೆಗೆ ಮಾನ್ಯತೆ ನವೀಕರಿಸುವುದಿಲ್ಲವೆಂದು ಸಾರಿಗೆ ಇಲಾಖೆ ಷರತ್ತು ಹಾಕುವುದಕ್ಕೆ ದೆಹಲಿಯ ತಿದ್ದುಪಡಿಗಾಗಿ ಕಾಯಬೇಕಾಗಿಲ್ಲ.