ಡಿಸ್ಕ್ ರಿಪೇರಿಯಾದರೆ ಡೇಟಾವೂ ರಿಪೇರಿಯಾಗುತ್ತದೆಯೇ?

ಹೊಸಹಳ್ಳಿ ಮೆಟ್ರೊ ನಿಲ್ದಾಣದ ಸುತ್ತಲಿನ ರಸ್ತೆಗಳಲ್ಲಿ ಒಂದೇ ಕಂಪ್ಯೂಟರ್ ನಂಬಿ ನಡೆಯುವ ಅಂಗಡಿಗಳು ಬಹಳ. ಬಿಲ್ಲು, ಸ್ಟಾಕು, ಜಿಎಸ್‌ಟಿ, ಯಾರದು ಎಷ್ಟು ಬಾಕಿ, ಎಲ್ಲವೂ ಅದರಲ್ಲೇ. ಅದು ನಿಧಾನವಾದರೆ ಯಾರಾದರೂ ‘ಚೆಕ್ ಡಿಸ್ಕ್ ಹಾಕಿ, ಸರಿಹೋಗುತ್ತೆ’ ಎನ್ನುತ್ತಾರೆ. ಅರ್ಧದಲ್ಲಿ ಕರೆಂಟ್ ಹೋಗುತ್ತದೆ, ಇಲ್ಲವೇ ಕಾದು ಬೇಸತ್ತವರು ಸ್ವಿಚ್ ಆರಿಸುತ್ತಾರೆ. ಮರುದಿನ ವಿಂಡೋಸ್ ತೆರೆಯುತ್ತದೆ, ಲೆಕ್ಕ ತೆರೆಯುವುದಿಲ್ಲ.

ಚೆಕ್ ಡಿಸ್ಕ್ ಪರೀಕ್ಷಿಸುವುದು ಮುಖ್ಯವಾಗಿ ಯಾವ ಫೈಲ್ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬ ಪಟ್ಟಿಯನ್ನು. ಗ್ರಂಥಾಲಯದ ಕ್ಯಾಟಲಾಗ್ ಸರಿಪಡಿಸುವವರು ಪುಸ್ತಕ ಓದಿ ನೋಡುವುದಿಲ್ಲವಷ್ಟೇ, ಹಾಗೆ. ಯಾವ ಫೈಲಿಗೂ ಸೇರದ ತುಣುಕು ಸಿಕ್ಕರೆ ಅದನ್ನು ‘ಫೌಂಡ್’ ಎಂಬ ಹೆಸರಿನ ಫೋಲ್ಡರಿಗೆ ಹಾಕಿ, ಪಟ್ಟಿ ಸರಿಯಾಯಿತು ಎಂದು ಮುಗಿಸುತ್ತದೆ. ಆ ತುಣುಕು ನಿಮ್ಮ ಖಾತೆ ಪುಸ್ತಕದ ನಡುವಿನ ಹಾಳೆಯಾಗಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಡೇಟಾಬೇಸ್‌ಗಳು ಮಾಹಿತಿಯನ್ನು ಪುಟಗಳಾಗಿ ಇಡುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಪುಟ ಸಾಮಾನ್ಯವಾಗಿ 8 ಕಿಲೋಬೈಟ್, ಮೈಎಸ್‌ಕ್ಯೂಎಲ್‌ನಲ್ಲಿ 16. ಆದರೆ ಡಿಸ್ಕಿನ ಒಂದು ಸೆಕ್ಟರ್ 512 ಬೈಟ್ ಅಥವಾ 4 ಕಿಲೋಬೈಟ್ ಮಾತ್ರ. ಹಾಗಾಗಿ ಬರೆಯುವಾಗ ಕರೆಂಟ್ ಹೋದರೆ ಪುಟದ ಅರ್ಧ ಹೊಸದು, ಅರ್ಧ ಹಳೆಯದು ಆಗಬಹುದು. ಇದು ತಿಳಿದೇ ಇವು ಬದಲಾವಣೆಯನ್ನು ಮೊದಲು ಲಾಗ್ ಫೈಲಿನಲ್ಲಿ ಬರೆದುಕೊಳ್ಳುತ್ತವೆ; ಮೈಎಸ್‌ಕ್ಯೂಎಲ್ ಪುಟವನ್ನು ಎರಡೆರಡು ಸಲ ಬರೆಯುತ್ತದೆ. ಬರೇ ಕರೆಂಟ್ ಹೋಗಿದ್ದರೆ ಸಾಮಾನ್ಯವಾಗಿ ಅವೇ ಚೇತರಿಸಿಕೊಳ್ಳುತ್ತವೆ. ಈ ರಕ್ಷಣೆ ನಿಂತಿರುವುದು ಕೆಳಗಿನ ಫೈಲ್ ಇದ್ದಂತೆಯೇ ಇದೆ ಎಂಬ ನಂಬಿಕೆಯ ಮೇಲೆ. ರಿಪೇರಿಯು ಫೈಲನ್ನು ಮೊಟಕುಗೊಳಿಸಿದರೆ, ಪಾರ್ಟಿಷನ್ ಸರಿಸುವ ಕೆಲಸ ನಡುವೆ ನಿಂತರೆ, ಲಾಗ್ ಕೂಡ ಕೈಕೊಡುತ್ತದೆ.

ಇದು ಸಣ್ಣ ಅಂಗಡಿಗಳ ಪಾಡು ಮಾತ್ರವಲ್ಲ. 2010ರ ಆಗಸ್ಟ್‌ನಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯ ಸರ್ಕಾರದ ಸ್ಟೋರೇಜ್ ಯಂತ್ರದಲ್ಲಿ ಮೆಮೊರಿ ಬೋರ್ಡ್ ಬದಲಿಸುವ ಕೆಲಸ ಕೆಟ್ಟು, 26 ಇಲಾಖೆಗಳಿಗೆ ಪೆಟ್ಟು ಬಿತ್ತು. ಡ್ರೈವಿಂಗ್ ಲೈಸೆನ್ಸ್ ವಿತರಣೆ ದಿನಗಟ್ಟಲೆ ನಿಂತಿತು. 2020ರ ಡಿಸೆಂಬರ್‌ನಲ್ಲಂತೂ ವಿಂಡೋಸ್ 10ರ ಒಂದು ಅಪ್‌ಡೇಟ್ ನಂತರ ಚೆಕ್ ಡಿಸ್ಕ್ ತಾನೇ ಕೆಲವು ಕಂಪ್ಯೂಟರ್‌ಗಳ ಫೈಲ್ ವ್ಯವಸ್ಥೆ ಕೆಡಿಸಿತ್ತು. ಮೈಕ್ರೋಸಾಫ್ಟ್ ಅದನ್ನು ಒಪ್ಪಿ ಸರಿಪಡಿಸಿತು.

ನಮಗೆ ಹೆಚ್ಚು ಭಯ ಹುಟ್ಟಿಸುವುದು ತೆರೆಯದ ಡೇಟಾಬೇಸ್ ಅಲ್ಲ, ತೆರೆದುಕೊಳ್ಳುವ ಹಾಳಾದ ಡೇಟಾಬೇಸ್. ಇಂಡೆಕ್ಸ್ ಕೆಟ್ಟಿದ್ದರೆ ಹಳೆಯ ಬಾಕಿ ಹುಡುಕಿದಾಗ ಸಿಗುವುದಿಲ್ಲ, ‘ಇಲ್ಲ’ ಎಂದೇ ತೋರುತ್ತದೆ. ಗೊತ್ತಾಗುವ ಹೊತ್ತಿಗೆ ಒಂದೇ ಪೆನ್‌ಡ್ರೈವ್‌ನಲ್ಲಿ ತೆಗೆಯುತ್ತಿದ್ದ ಬ್ಯಾಕಪ್ಪಿಗೂ ಕೆಟ್ಟ ಪ್ರತಿಯೇ ಹೋಗಿರುತ್ತದೆ. ‘ಎರಡು ಡಿಸ್ಕ್ ಜೋಡಿ ಹಾಕಿಸಿದ್ದೇವೆ’ ಎನ್ನುವವರಿಗೂ ಇದೇ ಮಾತು: ಜೋಡಿ ಡಿಸ್ಕ್ ತಪ್ಪನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ.

ಆದ್ದರಿಂದ ಮೊದಲು ಲೆಕ್ಕದ ತಂತ್ರಾಂಶ ಮುಚ್ಚಿ, ಪ್ರತಿ ತೆಗೆದು, ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಯುಪಿಎಸ್ ಇಲ್ಲದೆ ಡಿಸ್ಕ್ ಮುಟ್ಟಬೇಡಿ. ನಡುವೆ ನಿಂತುಹೋಗಿದ್ದರೆ ಮತ್ತೆ ಮತ್ತೆ ಚೆಕ್ ಡಿಸ್ಕ್ ಓಡಿಸದೆ, ಇಡೀ ಡಿಸ್ಕಿನ ನಕಲು ತೆಗೆಸಿ ರಿಪೇರಿಯನ್ನು ಆ ನಕಲಿನ ಮೇಲೆ ಮಾಡಿಸಿ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಡೇಟಾ ರಿಪೇರಿ ಸೌಲಭ್ಯವಿದೆ. ಅದನ್ನು ಬಳಸುವ ಮುನ್ನವೂ ಮೊದಲ ಕೆಲಸ ಬ್ಯಾಕಪ್ಪೇ.